ನುಗ್ಗೆ ಪುಡಿ, ಪಾಲಕ್ ಮತ್ತು ನೀರಿನ ಲೆಕ್ಕ: ಸೂಪರ್‌ಫುಡ್ ಪಾಠದ ಟಿಪ್ಪಣಿ

ಮೊದಲು ಪರೀಕ್ಷೆಗೆ ಬೇಕಾದ ಎರಡು ಮಾತು. ಸೂಪರ್‌ಫುಡ್ ಅನ್ನೋದಕ್ಕೆ ಪೋಷಣಶಾಸ್ತ್ರದಲ್ಲಿ ವ್ಯಾಖ್ಯೆ ಇಲ್ಲ, ಅದು ಮಾರುಕಟ್ಟೆಯ ಹೆಸರು. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ, ಮಂಜೂರಾದ ಆರೋಗ್ಯ ಹೇಳಿಕೆ ಜೊತೆಗಿಲ್ಲದೆ ಆ ಹೆಸರಿಟ್ಟು ಮಾರುವಂತಿಲ್ಲ. ನಮ್ಮಲ್ಲಿ ಆಹಾರ ಸುರಕ್ಷತೆಯ ಸರ್ಕಾರಿ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಜಾಹೀರಾತು ಮತ್ತು ಹೇಳಿಕೆಗಳ ನಿಯಮ ತಂದಿದೆ.

ಹಸಿ ಮತ್ತು ಒಣ

ಪಾಠದಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿಯುತ್ತದೆ: "ಹೋಲಿಕೆಯನ್ನು ಒಣತೂಕದ ಮೇಲೆ ಮಾಡಬೇಕು." ಆ ಸಾಲು ನನ್ನ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಕಲಬುರಗಿಯ ತೊಗರಿಯನ್ನೇ ತಗೊಳ್ಳಿ. ಎಳ್ಳಮಾವಾಸ್ಯೆಯ ಭಜ್ಜಿಗೆ ಹಾಕುವ ಹಸಿ ತೊಗರಿಕಾಳಿನಲ್ಲಿ 100 ಗ್ರಾಂಗೆ ಸುಮಾರು 7 ಗ್ರಾಂ ಪ್ರೋಟೀನ್. ಅದೇ ಕಾಳು ಬಲಿತು ಒಣಗಿದ ಮೇಲೆ 100 ಗ್ರಾಂಗೆ 21ರ ಆಸುಪಾಸು. ಮೂರು ಪಟ್ಟು! ಆದರೆ ಹೊಲದಲ್ಲಿ ಕಾಳಿಗೆ ಹೊಸ ಶಕ್ತಿಯೇನೂ ಬರಲಿಲ್ಲ, ಮುಖ್ಯವಾಗಿ ನೀರು ಹೋಯಿತು. ಹಸಿಕಾಳಿನಲ್ಲಿ ಮೂರರಲ್ಲಿ ಎರಡು ಪಾಲು ನೀರು, ಒಣಕಾಳಿನಲ್ಲಿ ಹತ್ತರಲ್ಲಿ ಒಂದು ಪಾಲು. ಬೇಳೆಯನ್ನು ಕುದಿಸಿದರೆ ಅದು ನೀರು ಕುಡಿದು ಮತ್ತೆ 7ರ ಹತ್ತಿರಕ್ಕೇ ಬರುತ್ತದೆ.

ಈಗ ನುಗ್ಗೆ ಪುಡಿಗೆ ಬರೋಣ. "ಪಾಲಕ್‌ಗಿಂತ 25 ಪಟ್ಟು ಕಬ್ಬಿಣ" ಎಂದು ಎಲ್ಲ ಕಡೆ ಓಡಾಡುವ ಹೇಳಿಕೆ. ಒಂದು ಕಡೆ ಒಣಪುಡಿ, ಇನ್ನೊಂದು ಕಡೆ ಹಸಿ ಪಾಲಕ್. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಆಹಾರ ಕೋಷ್ಟಕದ ಅಂಕಿಗಳನ್ನು ದುಂಡಗೆ ಮಾಡಿಕೊಂಡು ನಾವೇ ಲೆಕ್ಕ ಹಾಕೋಣ.

100 ಗ್ರಾಂ ಹಸಿ ನುಗ್ಗೆ ತಪ್ಪಲಿನಲ್ಲಿ ಕಬ್ಬಿಣ 4.5 ಮಿ.ಗ್ರಾಂ, ನೀರು 75 ಗ್ರಾಂ. ನೀರು ತೆಗೆದರೆ ಉಳಿಯುವುದು 25 ಗ್ರಾಂ. ಅಂದರೆ 4.5 ಮಿ.ಗ್ರಾಂ ಕಬ್ಬಿಣವೂ ಆ 25 ಗ್ರಾಂನಲ್ಲೇ ಕೂತಿದೆ. 100 ಗ್ರಾಂ ಪುಡಿಗೆ ನಾಲ್ಕು ಪಟ್ಟು ಮಾಡಿದರೆ 18 ಮಿ.ಗ್ರಾಂ.

100 ಗ್ರಾಂ ಹಸಿ ಪಾಲಕ್‌ನಲ್ಲಿ ಕಬ್ಬಿಣ 3 ಮಿ.ಗ್ರಾಂ, ನೀರು 90 ಗ್ರಾಂ. ಉಳಿಯುವುದು 10 ಗ್ರಾಂ. 100 ಗ್ರಾಂ ಪಾಲಕ್ ಪುಡಿಗೆ ಹತ್ತು ಪಟ್ಟು, ಅಂದರೆ 30 ಮಿ.ಗ್ರಾಂ.

ಇಲ್ಲಿ ನಿಂತು ಮತ್ತೊಮ್ಮೆ ನೋಡಿ. ಹಸಿಗೆ ಹಸಿ ಇಟ್ಟರೆ ನುಗ್ಗೆ ಒಂದೂವರೆ ಪಟ್ಟು ಮುಂದು. ಒಣಕ್ಕೆ ಒಣ ಇಟ್ಟರೆ ಪಾಲಕ್ಕೇ ಮುಂದು. ಒಣ ನುಗ್ಗೆಗೆ ಹಸಿ ಪಾಲಕ್ ಇಟ್ಟರೆ ಮಾತ್ರ ಆರು ಪಟ್ಟು ಕಾಣುತ್ತದೆ, ಅದೂ 25 ಅಲ್ಲ. ಸೊಪ್ಪು ಬೆಳೆದ ಮಣ್ಣು, ತಳಿ, ಒಣಗಿಸಿದ ರೀತಿ ಬದಲಾದಂತೆ ಅಂಕಿ ಏರುಪೇರಾಗುತ್ತದೆ, ಆದರೂ ಹೋಲಿಕೆಯ ದೋಷ ಹಾಗೇ ಉಳಿಯುತ್ತದೆ.

ನನಗೆ ಬಹಳ ಹಿಡಿಸಿದ ಅಡ್ಡದಾರಿ ಒಂದಿದೆ: ಪುಡಿಯ ತೂಕವನ್ನು ನಾಲ್ಕರಿಂದ ಗುಣಿಸಿದರೆ ಹಸಿ ತಪ್ಪಲಿನ ತೂಕ ಸಿಗುತ್ತದೆ. ತುಂಬಿದ ಚಮಚಕ್ಕೆ 5 ಗ್ರಾಂ ಹಿಡಿದರೂ ಅದು 20 ಗ್ರಾಂ ತಪ್ಪಲು. ಅದರಲ್ಲಿ ಕಬ್ಬಿಣ 0.9 ಮಿ.ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದದ್ದು 29 ಮಿ.ಗ್ರಾಂ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಗುಳಿಗೆ ಬಿಟ್ಟು ಈ ಪುಡಿಯನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತದೆ. ಒಂದು ಹೊತ್ತಿಗೆ 50 ಗ್ರಾಂ ನುಗ್ಗೆ ತಪ್ಪಲಿನ ಪಲ್ಯ ತಿಂದರೆ ಚಮಚ ಪುಡಿಯ ಎರಡೂವರೆ ಪಟ್ಟು ಕಬ್ಬಿಣ ಸಿಗುತ್ತದೆ, ಹಿತ್ತಲಲ್ಲಿ ಗಿಡ ಇದ್ದವರಿಗೆ ಖರ್ಚೂ ಇಲ್ಲ.

ಹೊಟ್ಟೆಗೆ ಹೋದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ

ಸೊಪ್ಪು, ಕಾಳುಗಳ ಕಬ್ಬಿಣದಲ್ಲಿ ದೇಹ ಹೀರುವುದು ಸಣ್ಣ ಪಾಲು. ಕಾಳು-ಧಾನ್ಯಗಳಲ್ಲಿರುವ ಫೈಟೇಟ್ ಮತ್ತು ಚಹಾದ ಟ್ಯಾನಿನ್ ಅದನ್ನು ತಡೆಯುತ್ತವೆ, ವಿಟಮಿನ್ ಸಿ ನೆರವಾಗುತ್ತದೆ. ಸಜ್ಜಿ ರೊಟ್ಟಿ ಊಟಕ್ಕೆ ಲಿಂಬೆಹಣ್ಣು ಹಿಂಡಿಕೊಳ್ಳಿ, ಚಹಾವನ್ನು ಒಂದು ತಾಸು ಮುಂದಕ್ಕೆ ಹಾಕಿ.

ಅರಿಶಿನದ್ದೂ ಇದೇ ಕಥೆ. ಅದರ ಹಳದಿ ಸತ್ವವಾದ ಕರ್ಕ್ಯುಮಿನ್ ಇರುವುದು ತೂಕದ ಶೇ. 3ರಷ್ಟು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ರಕ್ತದಲ್ಲಿ ಅದು ಸಿಕ್ಕಿದ್ದು ತೀರಾ ಅತ್ಯಲ್ಪ. ಕರಿಮೆಣಸಿನ ಖಾರದ ಸತ್ವವಾದ ಪೈಪರಿನ್ 20 ಮಿ.ಗ್ರಾಂ ಸೇರಿಸಿದಾಗ ಸುಮಾರು 20 ಪಟ್ಟು ಏರಿತು. ಆ 2 ಗ್ರಾಂ ಕರ್ಕ್ಯುಮಿನ್‌ಗೆ ಚಮಚಗಟ್ಟಲೆ ಅರಿಶಿನ ಬೇಕು. ಪಲ್ಯದ ಚಿಟಿಕೆಯಿಂದ ಆಗುವ ಮಾತಲ್ಲ.

ಆ್ಯಂಟಿಆಕ್ಸಿಡೆಂಟ್ ಅಂಕಗಳನ್ನಂತೂ ಬಿಟ್ಟುಬಿಡಿ. ಓರ್ಯಾಕ್ ಎಂಬ ಅಳತೆಯ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ತೆಗೆದುಹಾಕಿತು. ಪ್ರನಾಳದಲ್ಲಿ ಕಂಡ ಗುಣ ದೇಹದಲ್ಲೂ ಇರುತ್ತದೆ ಎನ್ನಲಾಗದು.

ಕಿನೋವಾ, ಚಿಯಾ

2013 ಕಿನೋವಾದ ಅಂತರರಾಷ್ಟ್ರೀಯ ವರ್ಷ, 2023 ಸಿರಿಧಾನ್ಯಗಳದ್ದು. ಕಿನೋವಾದಲ್ಲಿ ಪ್ರೋಟೀನ್ 13 ಗ್ರಾಂ, ಜೋಳದಲ್ಲಿ 10. ಕಿನೋವಾದ ನಿಜವಾದ ಹೆಚ್ಚುಗಾರಿಕೆ ಲೈಸಿನ್ ಎಂಬ ಪ್ರೋಟೀನಿನ ಘಟಕ, ಜೋಳಕ್ಕೆ ಅದೇ ಕೊರತೆ. ಆದರೆ ತೊಗರಿಬೇಳೆಯಲ್ಲಿ ಲೈಸಿನ್ ಧಾರಾಳ. ರೊಟ್ಟಿ-ಬೇಳೆ ಒಂದೇ ತಾಟಿನಲ್ಲಿದ್ದರೆ ಕೊರತೆ ತುಂಬಿಬರುತ್ತದೆ.

ಚಿಯಾಕ್ಕೆ ಹೆಸರು ತಂದ ಒಮೆಗಾ-3 ಕೊಬ್ಬು 100 ಗ್ರಾಂಗೆ ಸುಮಾರು 18 ಗ್ರಾಂ, ನಮ್ಮ ಅಗಸಿಯಲ್ಲಿ 22. ಎರಡರಲ್ಲೂ ಇರುವುದು ಸಸ್ಯಗಳ ಬಗೆಯ ಒಮೆಗಾ-3 ಆದ ಎಎಲ್‌ಎ. ದೇಹ ಅದನ್ನು ಮೀನೆಣ್ಣೆಯ ಬಗೆಗೆ ಬದಲಿಸಿಕೊಳ್ಳುವುದು ಬಹಳ ಕಡಿಮೆ. ಅಗಸಿ ಹಿಂಡಿ ಮಾಡುವಾಗ ಚೆನ್ನಾಗಿ ಕುಟ್ಟಿ, ಇಡೀ ಕಾಳು ಹಾಗೇ ಹೊರಗೆ ಹೋಗಿಬಿಡುತ್ತದೆ.

ಅಭ್ಯಾಸಕ್ಕೆ ಒಂದು ಲೆಕ್ಕ

"ಹಾಲಿಗಿಂತ ಹತ್ತು ಪಟ್ಟು ಕ್ಯಾಲ್ಸಿಯಂ" ಎಂದು ನುಗ್ಗೆ ಪುಡಿಯ ಡಬ್ಬಿ ಹೇಳಿದರೆ? ಹಸಿ ತಪ್ಪಲಿನಲ್ಲಿ 314 ಮಿ.ಗ್ರಾಂ, ನಾಲ್ಕರಿಂದ ಗುಣಿಸಿದರೆ ಪುಡಿಯಲ್ಲಿ 1,256. ಹಾಲಿನಲ್ಲಿ 100 ಗ್ರಾಂಗೆ ಸುಮಾರು 120. ತೂಕಕ್ಕೆ ತೂಕ ಹೇಳಿಕೆ ಸರಿಯೇ. ಆದರೆ ಚಮಚ ಪುಡಿಯಲ್ಲಿ 63 ಮಿ.ಗ್ರಾಂ, 200 ಮಿ.ಲೀ. ಹಾಲಿನ ಲೋಟದಲ್ಲಿ 240. ಒಂದು ಲೋಟಕ್ಕೆ ಸರಿಗಟ್ಟಲು ನಾಲ್ಕು ತುಂಬಿದ ಚಮಚ ಬೇಕು.