ಮ್ಯಾರಥಾನ್ ಓಡಿದ ವಾರ ನೆಗಡಿ ಹಿಡಿದರೆ ತಪ್ಪು ಓಟದ್ದಾ?

ದೂರದ ಓಟಗಾರರ ನಡುವೆ ಒಂದು ಮಾತು ಯಾವಾಗಲೂ ಓಡಾಡುತ್ತಿರುತ್ತದೆ: ರೇಸ್ ಮುಗಿದ ಮೇಲೆ ನಾಲ್ಕು ದಿನ ಹುಷಾರಾಗಿರಿ, ಇಮ್ಯುನಿಟಿ ಬಿದ್ದಿರುತ್ತದೆ. ಕೋಚ್‌ಗಳು ಹೇಳುತ್ತಾರೆ, ಮಾತ್ರೆ ಮಾರುವವರಂತೂ ಇನ್ನೂ ಜೋರಾಗಿ ಹೇಳುತ್ತಾರೆ. ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಆದರೆ ಅದಕ್ಕೆ ನಾವು ಕೊಟ್ಟುಕೊಂಡ ಅರ್ಥ ಮಾತ್ರ ಈಗ ಅಲುಗಾಡುತ್ತಿದೆ.

1902ರಷ್ಟು ಹಿಂದೆಯೇ ಲ್ಯಾರಬೀ ಎಂಬ ವೈದ್ಯ ಬಾಸ್ಟನ್ ಮ್ಯಾರಥಾನ್ ಓಟಗಾರರ ರಕ್ತ ನೋಡಿ ಬರೆದಿದ್ದರು. ಓಟದ ನಂತರ ಬಿಳಿ ರಕ್ತಕಣಗಳು ವಿಪರೀತ ಏರಿದ್ದವು, ಕಾಯಿಲೆ ಬಿದ್ದವರಲ್ಲಿ ಏರುವ ಹಾಗೆ. ಆಮೇಲೆ ಬಹಳ ವರ್ಷ ಈ ವಿಷಯವನ್ನು ಯಾರೂ ಅಷ್ಟಾಗಿ ಕೆದಕಲಿಲ್ಲ.

ನಿಜವಾದ ಚರ್ಚೆ ಶುರುವಾಗಿದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ. ಅಲ್ಲಿ ಟೂ ಓಷನ್ಸ್ ಅಂತ 56 ಕಿಲೋಮೀಟರ್ ಓಟ ನಡೆಯುತ್ತದೆ. 1982ರಲ್ಲಿ ಪೀಟರ್ಸ್ ಮತ್ತು ಬೇಟ್‌ಮನ್ ಎಂಬಿಬ್ಬರು 150 ಓಟಗಾರರನ್ನು ಆರಿಸಿಕೊಂಡು, ಅವರ ಜೊತೆ ಒಂದೇ ಮನೆಯಲ್ಲಿರುವ, ಓಡದ ಒಬ್ಬೊಬ್ಬರನ್ನೂ ಸೇರಿಸಿಕೊಂಡರು. ಇದು ನನಗೆ ತುಂಬಾ ಹಿಡಿಸಿದ ಉಪಾಯ. ಒಂದೇ ಮನೆ ಅಂದಮೇಲೆ ಮನೆಗೆ ಬರುವ ಸೋಂಕೂ ಹೆಚ್ಚುಕಡಿಮೆ ಒಂದೇ ಅಲ್ವಾ? ಓಟದ ನಂತರದ ಎರಡು ವಾರಗಳಲ್ಲಿ ಓಡಿದವರಲ್ಲಿ ಶೇ. 33.3 ಜನ ಮೂಗು ಸೋರುತ್ತದೆ, ಗಂಟಲು ನೋವು ಅಂದರು. ಓಡದವರಲ್ಲಿ ಶೇ. 15.3 ಮಾತ್ರ. ವೇಗವಾಗಿ ಓಡಿದವರಿಗೇ ತೊಂದರೆ ಜಾಸ್ತಿ.

ನಂತರ ಅಮೆರಿಕದ ಡೇವಿಡ್ ನೀಮನ್ 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಹಿಡಿದುಕೊಂಡರು. ಓಡಿ ಮುಗಿಸಿದವರಲ್ಲಿ ಶೇ. 12.9 ಜನರಿಗೆ ಮುಂದಿನ ವಾರ ಸೋಂಕಿನ ಲಕ್ಷಣ. ಹೆಸರು ಕೊಟ್ಟು, ಕಾಯಿಲೆ ಬಿಟ್ಟು ಬೇರೆ ಕಾರಣಕ್ಕೆ ಓಡದೇ ಉಳಿದವರಲ್ಲಿ ಶೇ. 2.2. ಇದರ ಮೇಲೆಯೇ ಅವರ ಪ್ರಸಿದ್ಧ 'ಜೆ ಕರ್ವ್' ನಿಂತಿತು: ಹದವಾದ ವ್ಯಾಯಾಮ ಸೋಂಕು ತಗ್ಗಿಸುತ್ತದೆ, ಅತಿಯಾದದ್ದು ಏರಿಸುತ್ತದೆ. ಡೆನ್ಮಾರ್ಕಿನ ಬೆಂಟೆ ಪೆಡರ್ಸನ್ ಇದಕ್ಕೆ 'ಓಪನ್ ವಿಂಡೋ' ಎಂಬ ವಿವರಣೆ ಕೊಟ್ಟರು, ಅಂದರೆ ಕಠಿಣ ವ್ಯಾಯಾಮದ ನಂತರ ಕೆಲವು ಗಂಟೆಗಳಿಂದ ಮೂರು ದಿನದವರೆಗೆ ವೈರಸ್‌ಗೆ ದಾರಿ ತೆರೆದಿರುತ್ತದೆ ಅಂತ.

ರಕ್ತ ಪರೀಕ್ಷೆಯೂ ಅದನ್ನೇ ಹೇಳುವಂತಿತ್ತು. ಓಡುವಾಗ ಏರುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು, ಓಟ ನಿಂತು ಒಂದೆರಡು ಗಂಟೆಯಲ್ಲಿ ಮೊದಲಿದ್ದುದಕ್ಕಿಂತಲೂ ಕೆಳಗೆ ಇಳಿಯುತ್ತವೆ. ಆ ಕಣಗಳು ಸತ್ತವು ಅಂತ ಹಲವರು ಅಂದುಕೊಂಡರು.

ಮೊದಲ ಅನುಮಾನ ಬಂದದ್ದು ಲಕ್ಷಣಗಳ ಬಗ್ಗೆಯೇ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಗಂಟಲು ನೋವು, ಶೀತ ಅಂದ ಕ್ರೀಡಾಪಟುಗಳು ಮತ್ತು ಇತರರ ಮೂಗು-ಗಂಟಲಿನ ಮಾದರಿ ತೆಗೆದು ನಿಜಕ್ಕೂ ರೋಗಾಣು ಇದೆಯಾ ಅಂತ ಹುಡುಕಿದರು. 37 ಸಲದಲ್ಲಿ ಸಿಕ್ಕಿದ್ದು ಬರೀ 11 ಸಲ! ಉಳಿದದ್ದಕ್ಕೆ ಅಲರ್ಜಿ ಕಾರಣ ಇರಬಹುದು, ಗಂಟೆಗಟ್ಟಲೆ ಬಾಯಲ್ಲಿ ಎಳೆದುಕೊಂಡ ತಣ್ಣನೆಯ ಒಣ ಗಾಳಿಯಿಂದ ಗಂಟಲು ಉರಿದದ್ದೂ ಇರಬಹುದು. ಟೂ ಓಷನ್ಸ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಎಣಿಸಿದ್ದೂ ಓಟಗಾರರು ಬಾಯಿಮಾತಲ್ಲಿ ಹೇಳಿದ್ದನ್ನೇ, ಲ್ಯಾಬ್ ವರದಿಯನ್ನಲ್ಲ.

ಇನ್ನು ಆ ಕಾಣೆಯಾದ ಕಣಗಳು ಎಲ್ಲಿಗೆ ಹೋದವು? ಜರ್ಮನಿಯ ಕ್ರ್ಯೂಗರ್ ಮತ್ತು ಜೊತೆಗಾರರು ಇಲಿಗಳ ಪ್ರತಿರೋಧ ಕಣಗಳಿಗೆ ಹೊಳೆಯುವ ಗುರುತು ಹಾಕಿ, ಅವನ್ನು ಓಡಿಸಿ ನೋಡಿದರು. ಕಣಗಳು ಶ್ವಾಸಕೋಶದಲ್ಲಿ, ಕರುಳಿನಲ್ಲಿ, ಮೂಳೆಮಜ್ಜೆಯಲ್ಲಿ ಸಿಕ್ಕವು. ಬಸ್ ಸ್ಟ್ಯಾಂಡ್ ಖಾಲಿಯಾಯಿತು ಅಂದರೆ ಊರಲ್ಲಿ ಜನ ಇಲ್ಲ ಅಂತಲ್ಲವಲ್ಲ, ಹಾಗೆ. ಸೋಂಕು ಬರುವ ಜಾಗಕ್ಕೇ ಅವು ಹೋಗಿ ಸೇರುತ್ತವೆ ಅನ್ನುವುದು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕ್ಯಾಂಪ್‌ಬೆಲ್ ಮತ್ತು ಟರ್ನರ್ ಅವರ ವಾದ. 2018ರಲ್ಲಿ ಅವರು ಬರೆದ ಲೇಖನ, ವ್ಯಾಯಾಮದಿಂದ ಪ್ರತಿರೋಧ ಕುಗ್ಗುತ್ತದೆ ಎಂಬುದು ಬರೀ ನಂಬಿಕೆ ಅಂತ ನೇರವಾಗಿ ಹೇಳಿತು.

ನೀಮನ್ ಮತ್ತಿತರರು ಒಪ್ಪಿಲ್ಲ. 2020ರಲ್ಲಿ ಎರಡೂ ಕಡೆಯವರು ಒಂದೇ ಲೇಖನದಲ್ಲಿ ಕೂತು ವಾದಿಸಿದರು, ವಿಜ್ಞಾನದಲ್ಲಿ ಹೀಗೆ ಆಗುವುದು ಅಪರೂಪ, ಓದಿ ನನಗೆ ಖುಷಿಯಾಯಿತು. ತಿಂಗಳುಗಟ್ಟಲೆ ಮೈ ಮುರಿದು ತರಬೇತಿ ಮಾಡುವವರ ಜೊಲ್ಲಿನಲ್ಲಿ ಐಜಿಎ ಎಂಬ ರಕ್ಷಕ ಅಂಶ ಇಳಿಯುತ್ತದೆ ಅನ್ನುವುದು ಒಂದು ಕಡೆಯವರ ಆಧಾರ. ಓಟವನ್ನೇ ಯಾಕೆ ದೂರುತ್ತೀರಿ, ಸಾವಿರಾರು ಜನರ ಗುಂಪು, ವಿಮಾನ ಪ್ರಯಾಣ, ಆತಂಕ, ನಿದ್ದೆಗೇಡು ಇವೆಲ್ಲ ಇಲ್ಲವಾ ಅನ್ನುವುದು ಇನ್ನೊಂದು ಕಡೆ.

ನನಗೆ ಎರಡನೆಯದೇ ಜಾಸ್ತಿ ಸರಿ ಅನ್ನಿಸುತ್ತದೆ. ನಿದ್ದೆಯನ್ನೇ ತಗೊಳ್ಳಿ. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 164 ಆರೋಗ್ಯವಂತರ ಮೂಗಿಗೆ ನೆಗಡಿ ವೈರಸ್ ಹನಿ ಹಾಕಿದ್ದರು. ದಿನಕ್ಕೆ 6 ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ, 7 ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ನೆಗಡಿ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟು ಹೆಚ್ಚಿತ್ತು. ರೇಸ್‌ನ ಹಿಂದಿನ ರಾತ್ರಿ ನೆಟ್ಟಗೆ ನಿದ್ದೆ ಮಾಡುವವರು ಎಷ್ಟು ಜನ?

ಈ ಜಗಳ ಏನೇ ಇರಲಿ, ನೆಗಡಿ ಬಂದಾಗ ಏನು ಮಾಡಬೇಕು ಅನ್ನುವುದರಲ್ಲಿ ಕ್ರೀಡಾ ವೈದ್ಯರ ಮಾತು ಸ್ಪಷ್ಟವಾಗಿದೆ. ಬರೀ ಮೂಗು ಸೋರುತ್ತಿದ್ದರೆ ಹಗುರವಾಗಿ ಓಡಬಹುದು. ಜ್ವರ, ಮೈಕೈ ನೋವು, ಎದೆಯಲ್ಲಿ ಕೆಮ್ಮು ಇದ್ದರೆ ಶೂ ಹಾಕಲೇಬೇಡಿ, ಯಾಕೆಂದರೆ ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೇ ಉರಿಯೂತ ತರುತ್ತವೆ, ಆಗ ಜೋರಾಗಿ ಓಡುವುದು ಜೀವಕ್ಕೇ ಅಪಾಯ.