ಶ್ರುತಿ ಬದಲಾದ್ರೂ ಹಾಡು ಗುರುತು ಸಿಗೋದು ಹೇಗೆ?

ಶಿವಮೊಗ್ಗದಲ್ಲಿ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ನೋಡಿದವ್ರಿಗೆ ಗೊತ್ತಿರುತ್ತೆ, ಗಾಯಕ ಹಾಡೋಕೆ ಮುಂಚೆ ಕೀಬೋರ್ಡ್ ಹುಡುಗನ ಕಡೆ ತಿರುಗಿ ಶ್ರುತಿ ಎರಡು ಮನೆ (ಬಿಳಿ, ಕಪ್ಪು ಎಲ್ಲಾ ಸೇರಿ ಎರಡು ಕೀ) ಇಳ್ಸೋ ಅಂತಾನೆ, ಅವ್ನು ಟ್ರಾನ್ಸ್‌ಪೋಸ್ ಬಟನ್ ಒತ್ತುತಾನೆ, ಅಲ್ಲಿಗೆ ಸಿನಿಮಾದಲ್ಲಿ ಕೇಳಿದ್ದ ಹಾಡಿನ ಸ್ವರ ಎಲ್ಲಾ ಕೆಳಗಿಳಿದು ಹೋಯ್ತು, ಆದ್ರೂ ಜನ ಮೊದಲ ಸಾಲಿಗೇ ಶಿಳ್ಳೆ ಹೊಡೀತಾರೆ.

ಯಾಕಂದ್ರೆ ಮಿದುಳು ಮುಖ್ಯವಾಗಿ ನೆನಪಿಟ್ಕೊಳ್ಳೋದು ಸ್ವರದಿಂದ ಸ್ವರಕ್ಕಿರೋ ಅಂತರ. ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲೆ ಹೋದ್ರೆ ಫ್ರೀಕ್ವೆನ್ಸಿ ಸುಮಾರು 6 ಪರ್ಸೆಂಟ್ ಏರುತ್ತೆ, ಎಲ್ಲಿಂದ ಶುರು ಮಾಡಿದ್ರೂ ಅಷ್ಟೇ, 12 ಮನೆ ಹತ್ತಿದ್ರೆ ಡಬಲ್. ಷಡ್ಜ (ಸ) ಎಲ್ಲಿಟ್ಟರೂ ಪಂಚಮ (ಪ) ಅದರ ಒಂದೂವರೆ ಪಟ್ಟಿನ ಹತ್ರನೇ. ಆರು ತಿಂಗಳ ಮಕ್ಕಳೂ ಹೀಗೆ ಶ್ರುತಿ ಬದಲಾದ ಟ್ಯೂನನ್ನ ಗುರುತು ಹಿಡೀತಾವೆ. ಮಜಾ ಅಂದ್ರೆ ನಮ್ ಕಬ್ಬಕ್ಕಿಯ ಬಳಗದ ಸ್ಟಾರ್ಲಿಂಗ್ ಹಕ್ಕಿಗೆ, ಅಷ್ಟು ಚೆನ್ನಾಗಿ ಮಿಮಿಕ್ರಿ ಮಾಡಿದ್ರೂ, ಕಲಿಸಿದ ಟ್ಯೂನನ್ನೇ ತುಂಬಾ ಮೇಲೋ ಕೆಳಗೋ ನುಡಿಸಿದ್ರೆ ಗೊತ್ತಾಗಲ್ಲ!

ಕವರ್ ವರ್ಷನ್, ಅಂದ್ರೆ ಒಬ್ಬರ ಹಾಡನ್ನ ಇನ್ನೊಬ್ಬರು ತಮ್ಮ ರೀತೀಲಿ ಹಾಡೋದು, ನಿಂತಿರೋದೇ ಇದರ ಮೇಲೆ. ‘ಐ ವಿಲ್ ಆಲ್ವೇಸ್ ಲವ್ ಯೂ’ ವಿಟ್ನಿ ಹ್ಯೂಸ್ಟನ್ ಹಾಡು ಅಂತಲೇ ನಮ್ಮಲ್ಲಿ ತುಂಬಾ ಜನ ಅಂದ್ಕೊಂಡಿದಾರೆ, ಅದು ಬಂದಿದ್ದು 1992ರಲ್ಲಿ, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ. ಬರೆದು ಮೊದಲು ಹಾಡಿದ್ದು ಡಾಲಿ ಪಾರ್ಟನ್, 1974ರಲ್ಲಿ ಬಿಡುಗಡೆ ಆಯ್ತು, ಗಿಟಾರ್ ಇಟ್ಕೊಂಡು ಮೆತ್ತಗೆ ಹೇಳಿದ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿ) ಹಾಡು, ಟಿವಿ ಶೋನಲ್ಲಿ ತನ್ನನ್ನ ಬೆಳೆಸಿದ ಪೋರ್ಟರ್ ವ್ಯಾಗನರ್‌ಗೆ ವಿದಾಯ. ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ಇದನ್ನ ಹಾಡಬೇಕು ಅಂತಿದ್ದ, ಅವನ ಮ್ಯಾನೇಜರ್ ಹಾಡಿನ ಹಕ್ಕಲ್ಲಿ ಅರ್ಧ ಕೇಳಿದ, ಡಾಲಿ ಕೊಡಲ್ಲ ಅಂದ್ಳು. ಗಟ್ಟಿಗಿತ್ತಿ!

ವಿಟ್ನಿ ಹಾಡಲ್ಲಿ ಕೊನೆ ಕಡೆ ಒಂದು ಡ್ರಮ್ ಏಟು ಬೀಳುತ್ತಲ್ಲ, ಅಲ್ಲಿ ಶ್ರುತಿ ಎರಡು ಮನೆ ಮೇಲೆ ಹೋಗುತ್ತೆ, ಅಂದ್ರೆ ಎಲ್ಲಾ ಸ್ವರನೂ ಸುಮಾರು 12 ಪರ್ಸೆಂಟ್ ಏರುತ್ತೆ. ಟ್ಯೂನ್ ಬದಲಾಯ್ತು ಅಂತ ಯಾರಿಗೂ ಅನ್ಸಲ್ಲ, ಮೈ ಮಾತ್ರ ಜುಮ್ ಅನ್ನುತ್ತೆ.

ವಿಟ್ನಿದನ್ನೇ ಮೊದಲು ಕೇಳಿದವ್ರಿಗೆ ಡಾಲಿದು ಸಪ್ಪೆ ಅನ್ಸುತ್ತೆ. ಪದೇ ಪದೇ ಎದುರಾದದ್ದೇ ಇಷ್ಟ ಆಗ್ತಾ ಹೋಗುತ್ತೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯೊಂಕ್ 1968ರಲ್ಲೇ ತೋರಿಸಿದ್ರು, ಒರಿಜಿನಲ್ಲೇ ಬೆಸ್ಟ್ ಅನ್ನೋ ಜಗಳದಲ್ಲಿ ಅರ್ಧ ಇದೇ ಅಂತ ನನ್ನ ಅನಿಸಿಕೆ.

ಆದ್ರೆ ಅಂತರ ಒಂದೇ ಸಾಲಲ್ಲ, ತಾಳನೂ ಬೇಕು. ವಿಟ್ನಿ ಶುರುನಲ್ಲಿ ವಾದ್ಯ ಇಲ್ದೆ ಎಳೆದೆಳೆದು ಹಾಡಿದಾಳೆ. ಕಾರ್ ಓಡಿಸ್ತಾ ರೇಡಿಯೋದಲ್ಲಿ ಅದನ್ನ ಕೇಳಿದ ಡಾಲಿಗೆ ಎಲ್ಲೋ ಕೇಳಿದಂಗಿದೆಯಲ್ಲ ಅನ್ನಿಸ್ತಂತೆ, ತನ್ನದೇ ಹಾಡು ಅಂತ ಪೂರ್ತಿ ಗೊತ್ತಾಗಿದ್ದು ಪಲ್ಲವಿ ಬಂದಾಗ, ಕಾರು ಇನ್ನೇನು ಗುದ್ದೇಬಿಡ್ತಿತ್ತು ಅಂತ ಆಕೆನೇ ಹೇಳಿದಾಳೆ.