ಬಿರುಕು ನೋಡಿ, ಆಮೇಲೆ ಗಾಜು ತನ್ನಿ

ನಮ್ಮ ಅಂಗಡಿಗೆ ಬರುವವರಲ್ಲಿ ಬಹಳ ಜನ ಅಳತೆ ಚೀಟಿ ಹಿಡಿದೇ ಬರುತ್ತಾರೆ. "ಎರಡಡಿ, ಒಂದೂವರೆ ಅಡಿ, ನಾಲ್ಕು ಎಂಎಂ. ಬೇಗ ಕತ್ತರಿಸಿ ಕೊಡಿ." ಹಳೇದು ಹೇಗೆ ಒಡೀತು ಅಂತ ನಾನು ಕೇಳಿದರೆ ಅವರಿಗೆ ಸ್ವಲ್ಪ ಕಿರಿಕಿರಿ. ಚೆಂಡು ಬಿತ್ತು ಅಂದರೆ ಸುಮ್ನೆ ಕತ್ತರಿಸಿ ಕೊಡುತ್ತೇನೆ. "ಏನೂ ಆಗಿಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ಸೀಳಿತ್ತು" ಅಂದರೆ ಮಾತ್ರ ಕೂರಿಸಿಕೊಂಡು ಇನ್ನೆರಡು ಪ್ರಶ್ನೆ ಕೇಳುತ್ತೇನೆ. ತಾನಾಗಿ ಸೀಳಿದ ಗಾಜಿನ ಜಾಗಕ್ಕೆ ಅದೇ ಅಳತೆಯ ಹೊಸ ಗಾಜು ಕೂರಿಸಿದರೆ, ಮುಂದಿನ ಮಳೆಗಾಲಕ್ಕೋ ಬೇಸಿಗೆಗೋ ಅದೂ ಹೋಗುತ್ತದೆ. ಆಗ ಬೈಗುಳ ತಿನ್ನುವುದು ಗಾಜು ಕೊಟ್ಟವನು, ಅಲ್ವಾ?

ಬಿರುಕು ನೋಡಿದರೆ ಕಾರಣ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಕಲ್ಲೋ ಚೆಂಡೋ ಬಿದ್ದಿದ್ದರೆ ಏಟು ತಿಂದ ಜಾಗದಿಂದ ಸುತ್ತಲೂ ಗೆರೆಗಳು ಹೊರಟಿರುತ್ತವೆ. ಬಿಸಿಲಿಗೆ ಒಡೆದಿದ್ದರೆ ಗೆರೆ ಅಂಚಿನಲ್ಲಿ ಶುರುವಾಗುತ್ತದೆ. ಅಂಚಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಸ್ವಲ್ಪ ದೂರ ನೇರ ಹೋಗಿ, ಆಮೇಲೆ ಮನಸ್ಸಿಗೆ ಬಂದ ಕಡೆ ತಿರುಗುತ್ತದೆ. ಮೂಲೆಯಲ್ಲಿ ಓರೆಯಾಗಿ ಒಂದು ತುಂಡು ಸೀಳಿದ್ದರೆ ಆ ಕಡೆಯ ಬೀಡಿಂಗ್ ಪಟ್ಟಿ, ಅಂದರೆ ಗಾಜನ್ನು ಚೌಕಟ್ಟಿಗೆ ಹಿಡಿದಿಡುವ ಸಣ್ಣ ಮರದ ಪಟ್ಟಿ, ಬಿಚ್ಚಿ ನೋಡಿ. ಒಂದು ಮೊಳೆ ಗಾಜಿಗೆ ತಾಗಿಕೊಂಡು ಕೂತಿರಬಹುದು. ಇಲ್ಲವೇ ಆ ಮೂಲೆಯ ಜೋಡಣೆ ಸಡಿಲವಾಗಿ ಕಿಟಕಿ ರೆಕ್ಕೆಯೇ ಓರೆಯಾಗಿರಬಹುದು.

ನಾನು ನೋಡಿದ ಮಟ್ಟಿಗೆ, ಏಟು ಬೀಳದೆ ಒಡೆದ ಗಾಜುಗಳಲ್ಲಿ ಹೆಚ್ಚಿನವು ಇಕ್ಕಟ್ಟಿಗೆ ಸಿಕ್ಕಿ ಒಡೆದವು. ಗಾಜಿಗೆ ಸುತ್ತ ಒಂದಿಷ್ಟು ಜಾಗ ಬೇಕು. ಮಲೆನಾಡಿನ ಕಡೆ ಜೂನ್, ಜುಲೈಯಲ್ಲಿ ಮರ ನೀರು ಕುಡಿದು ಊದಿಕೊಳ್ಳುತ್ತದೆ. ಕಿಟಕಿ ಹಿಡಿದುಕೊಳ್ಳುತ್ತದೆ, ನಾವು ಅಂಗೈಯಿಂದ ಗುದ್ದಿ ಮುಚ್ಚುತ್ತೇವೆ. ಮರ ಒಂದು ಕಡೆಯಿಂದ ಒತ್ತುತ್ತಿರುವಾಗ ನಾವೂ ಒಂದು ಕೊಟ್ಟರೆ ಆ ತೆಳು ಗಾಜು ಎಷ್ಟು ಅಂತ ತಡೆಯುತ್ತದೆ? ಹಳೆ ಕಬ್ಬಿಣದ ಕಿಟಕಿಗಳಲ್ಲಿ ಇದೇ ಕೆಲಸವನ್ನು ತುಕ್ಕು ಮಾಡುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಆ ಪದರ ಗಾಜಿನ ಅಂಚಿನ ಕೆಳಗೆ ಬೆಳೆಯುತ್ತಾ ಹೋಗಿ ಒಂದು ದಿನ 'ಟಿಕ್' ಅನ್ನುತ್ತದೆ.

ಬಿಸಿಲಿನ ಕತೆ ಸ್ವಲ್ಪ ಬೇರೆ. ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ. ಚೌಕಟ್ಟಿನೊಳಗೆ ಮುಚ್ಚಿಕೊಂಡ ಅಂಚು ತಣ್ಣಗೇ ಇರುತ್ತದೆ, ಹಿಗ್ಗುವುದಿಲ್ಲ. ಈ ಎಳೆದಾಟದಲ್ಲಿ ಅಂಚಿನ ಒಂದು ಸಣ್ಣ ಚಿಪ್ಪಿನಿಂದ ಬಿರುಕು ಶುರುವಾಗುತ್ತದೆ. ಪಶ್ಚಿಮದ ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸಿ, ಒಳಗೆ ದಪ್ಪ ಪರದೆ ಎಳೆದುಬಿಟ್ಟರೆ ಇದು ಜಾಸ್ತಿ. ಗಾಜಿನ ಅರ್ಧಕ್ಕೆ ಮಾತ್ರ ಸಜ್ಜದ ನೆರಳು ಬೀಳುತ್ತಿದ್ದರೆ ಇನ್ನೂ ಜಾಸ್ತಿ. ಅಂಥ ಕಡೆ ಫಿಲ್ಮ್ ಬೇಕೇ ಬೇಕು ಅನ್ನುವವರಿಗೆ ತಿಳಿ ಬಣ್ಣದ್ದು ಹಾಕಿ ಅಂತೀನಿ. ಗಾಜಿನ ಅಂಚನ್ನೂ ಉಜ್ಜಿಸಿಕೊಂಡೇ ಹೋಗಿ ಅಂತೀನಿ.

ಈಗ ಕೆಲಸಕ್ಕೆ ಬರೋಣ. ಮನೆಯಲ್ಲೇ ಮಾಡಿಕೊಳ್ಳಲು ಸುಲಭವಾದದ್ದು ನೆಲಮಹಡಿಯ ಮರದ ಕಿಟಕಿ. ತಿರುಗಣಿಯ ಸ್ಕ್ರೂ ಬಿಚ್ಚಿ, ರೆಕ್ಕೆಯನ್ನೇ ಇಳಿಸಿ ನೆಲದ ಮೇಲೆ ಹಳೆ ಕಂಬಳಿ ಹಾಸಿ ಮಲಗಿಸಿಕೊಳ್ಳಿ. ನಿಂತ ಕಿಟಕಿಯಲ್ಲಿ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ. ಇಳಿಸುವ ಮೊದಲು ಒಡೆದ ಗಾಜಿನ ಎರಡೂ ಬದಿಗೆ ಅಗಲವಾದ ಬ್ರೌನ್ ಟೇಪನ್ನು ಅಡ್ಡಡ್ಡ, ಉದ್ದುದ್ದ ಅಂಟಿಸಿ. ಚೂರು ಉದುರುವುದಿಲ್ಲ. ದಪ್ಪ ಕೈಗವಸು, ಶೂ, ಕಣ್ಣಿಗೆ ಕನ್ನಡಕ ಬೇಕು. ಚಪ್ಪಲಿಯಲ್ಲಿ ಈ ಕೆಲಸ ಬೇಡ. ತೆಗೆದ ಚೂರುಗಳನ್ನು ನಾಲ್ಕೈದು ಪದರ ಪೇಪರಿನಲ್ಲಿ ಸುತ್ತಿ, ಮೇಲೆ 'ಗಾಜು' ಅಂತ ದೊಡ್ಡದಾಗಿ ಬರೆದು, ಪೌರಕಾರ್ಮಿಕರ ಕೈಗೆ ಬೇರೆಯಾಗಿ ಹೇಳಿ ಕೊಡಿ. ಕಸದ ಚೀಲದೊಳಗೆ ತುರುಕಿದರೆ ಕೈ ಕುಯ್ಯುವುದು ಅವರಿಗೆ.

ಬೀಡಿಂಗ್ ಪಟ್ಟಿ ಇದ್ದರೆ ತೆಳು ಉಳಿಯನ್ನು ಪಟ್ಟಿಯ ನಡುಭಾಗದಲ್ಲಿ ತೂರಿಸಿ ಎಬ್ಬಿಸಿ, ತುದಿಯಿಂದ ಶುರು ಮಾಡಬೇಡಿ. ನಡುವೆ ಮರ ಬಾಗುತ್ತದೆ, ತುದಿಯಲ್ಲಿ ಸೀಳುತ್ತದೆ. ಪುಟ್ಟಿ ಹಾಕಿದ ಹಳೆ ಕಿಟಕಿ ಆದರೆ ಸ್ವಲ್ಪ ತಾಳ್ಮೆ ಬೇಕು. ಕಲ್ಲಾಗಿರುವ ಪುಟ್ಟಿಗೆ ಹೀಟ್ ಗನ್ ಹಿಡಿದರೆ ಮೆದುವಾಗುತ್ತದೆ, ಆಮೇಲೆ ಉಳಿಯಿಂದ ಕೆರೆಯಿರಿ. ಗಾಜು ಹೇಗೂ ಹೋಗಿದೆ, ಮರವನ್ನು ಕೆತ್ತಬೇಡಿ. ಇಲ್ಲೊಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು ಅಂತಲೇ ತಿಳಿದುಕೊಳ್ಳಿ. ಅದಕ್ಕೆ ಬೆಂಕಿಯಷ್ಟು ಬಿಸಿ ಕೊಡಬೇಡಿ, ಒಣ ಉಪ್ಪುಕಾಗದ ಹಾಕಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಕೆರೆಯಿರಿ. ಮಕ್ಕಳು, ಬಸುರಿಯರು ಆ ಕೋಣೆಯಲ್ಲಿ ಇರಬಾರದು.

ಗಾಜು ಕೂರುವ ಕಚ್ಚು ಖಾಲಿಯಾದ ಮೇಲೆ ಅಳತೆ. ಎಲ್ಲರೂ ಎಡವುವುದು ಇಲ್ಲೇ. ಅಗಲವನ್ನು ಮೇಲೆ, ನಡುವೆ, ಕೆಳಗೆ, ಮೂರು ಕಡೆ ಅಳೆಯಿರಿ. ಎತ್ತರವನ್ನೂ ಹಾಗೇ ಮೂರು ಕಡೆ. ಮೂರರಲ್ಲಿ ಚಿಕ್ಕದು ಯಾವುದೋ ಅದನ್ನು ಹಿಡಿಯಿರಿ. ಅದರಲ್ಲಿ ಒಂದು ನೂಲು, ಅಂದರೆ ಸುಮಾರು 3 ಎಂಎಂ ಕಳೆಯಿರಿ. ಅಗಲಕ್ಕೂ ಕಳೆಯಿರಿ, ಎತ್ತರಕ್ಕೂ ಕಳೆಯಿರಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದಾಗ ಲೆಕ್ಕ ಒಂದೇ ಬರದಿದ್ದರೆ ರೆಕ್ಕೆ ಓರೆಯಾಗಿದೆ. ಮೊದಲು ಅದರ ಮೂಲೆ ಬಿಗಿ ಮಾಡಿಸಿ. "ಒಂದು ನೂಲು ಬಿಟ್ಟರೆ ಗಾಜು ಅಲ್ಲಾಡಲ್ವಾ?" ಅಂತ ಕೇಳುತ್ತಾರೆ. ಅಲ್ಲಾಡದ ಹಾಗೆ ಹಿಡಿಯುವುದು ಪುಟ್ಟಿ ಮತ್ತು ಪಟ್ಟಿಯ ಕೆಲಸ. ಮರ ಗಾಜಿನ ಅಂಚನ್ನು ಮುಟ್ಟಲೇಬಾರದು.

ದಪ್ಪದ ವಿಷಯದಲ್ಲೂ ಒಂದು ಮಾತು. ಹಳೆ ಮನೆಗಳಲ್ಲಿ 2 ಅಥವಾ 3 ಎಂಎಂ ಗಾಜು ಇರುತ್ತದೆ. ಗಟ್ಟಿ ಇರಲಿ ಅಂತ 5 ಎಂಎಂ ಒಯ್ಯುತ್ತಾರೆ. ಕಚ್ಚಿನ ಆಳ ಅಷ್ಟೇ ಇರುತ್ತದಲ್ಲ, ಪಟ್ಟಿ ಕೂರಲು ಜಾಗವೇ ಉಳಿಯುವುದಿಲ್ಲ. ತೂಕವೂ ಏರುತ್ತದೆ. ಒಂದು ಚದರ ಮೀಟರಿಗೆ, ಒಂದು ಎಂಎಂ ದಪ್ಪಕ್ಕೆ ಎರಡೂವರೆ ಕೆಜಿ. ನಾಲ್ಕು ಅಡಿ, ಮೂರು ಅಡಿಯ 5 ಎಂಎಂ ಗಾಜು ಹತ್ತಿರ ಹತ್ತಿರ 14 ಕೆಜಿ ಆಗುತ್ತದೆ. ಹಳೆ ತಿರುಗಣಿ ಜೋತುಬೀಳುವುದು ಹೀಗೆ.

ಕತ್ತರಿಸುವುದನ್ನು ಅಂಗಡಿಗೇ ಬಿಡಿ. ಆದರೂ ನಿಂತು ನೋಡಿ, ಚೆನ್ನಾಗಿರುತ್ತದೆ. ಕಟರಿನ ಚಕ್ರವನ್ನು ಸೀಮೆಎಣ್ಣೆಗೆ ಅದ್ದಿ, ಅಳತೆಪಟ್ಟಿಗೆ ತಾಗಿಸಿ, ಆ ತುದಿಯಿಂದ ಈ ತುದಿಗೆ ಒಂದೇ ಸಲ ಎಳೆಯುತ್ತಾರೆ. ಒತ್ತಡ ಸರಿ ಇದ್ದರೆ ಒಂದೇ ಸಮನೆ ಸಣ್ಣ 'ಜರ್‍ರ್' ಸದ್ದು ಬರುತ್ತದೆ. ಸದ್ದು ನಡುವೆ ತುಂಡಾದರೆ ಗೆರೆಯೂ ಅಲ್ಲಿ ತುಂಡಾಗಿದೆ ಅಂತ ಅರ್ಥ. ಅದೇ ಗೆರೆಯ ಮೇಲೆ ಇನ್ನೊಮ್ಮೆ ಎಳೆದರೆ ಗಾಜೂ ಹಾಳು, ಚಕ್ರವೂ ಹಾಳು. ಆಮೇಲೆ ಗೆರೆಯ ಕೆಳಗೆ ಒಂದು ಬೆಂಕಿಕಡ್ಡಿ ಇಟ್ಟು ಎರಡೂ ಬದಿ ಮೆಲ್ಲಗೆ ಒತ್ತುತ್ತಾರೆ, ಬಿರುಕು ಗೆರೆಯ ಗುಂಟ ಓಡುತ್ತದೆ. ಕಟರ್ ಗಾಜನ್ನು ಕತ್ತರಿಸುವುದಿಲ್ಲ, ಎಲ್ಲಿ ಒಡೆಯಬೇಕು ಅಂತ ಗುರುತು ಹಾಕುತ್ತದೆ ಅಷ್ಟೆ.

ಪುಟ್ಟಿ ಅಂದರೆ ಗೋಡೆ ಪುಟ್ಟಿ ಅಲ್ಲ, ದಯವಿಟ್ಟು. ಬಣ್ಣದವರು ಉಳಿಸಿಹೋದ ಗೋಡೆ ಪುಟ್ಟಿಯನ್ನೇ ಕಲಸಿ ಕಿಟಕಿಗೆ ಮೆತ್ತಿದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದು ಬಿಳಿ ಸಿಮೆಂಟಿನದು. ಒಣಗಿದರೆ ಗಡುಸು, ಗಾಜು ಸ್ವಲ್ಪ ಅದುರಿದರೂ ಹಪ್ಪಳದ ಹಾಗೆ ಕಳಚಿ ಬೀಳುತ್ತದೆ. ಗಾಜಿನ ಪುಟ್ಟಿ ಅಂದರೆ ಚಾಕ್ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿದ್ದು. ಅಂಗಡಿಯಲ್ಲಿ ಡಬ್ಬದಲ್ಲೂ ಸಿಗುತ್ತದೆ. ಹಾಕುವ ಮೊದಲು ಕಚ್ಚಿಗೆ ಒಂದು ಕೈ ಪ್ರೈಮರ್ ಬಳಿದು ಒಣಗಿಸಿ. ಬರೀ ಮರಕ್ಕೆ ಹಾಕಿದರೆ ಮರ ಎಣ್ಣೆಯನ್ನೆಲ್ಲ ಹೀರಿಕೊಂಡು ಪುಟ್ಟಿ ಬಿರಿಯುತ್ತದೆ.

ಮೊದಲು ಕಚ್ಚಿಗೆ ತೆಳ್ಳಗೆ ಒಂದು ಎಳೆ ಪುಟ್ಟಿ ಹಾಕಿ, ಅದರ ಮೇಲೆ ಗಾಜು ಕೂರಿಸಿ. ಅಂಚುಗಳ ಹತ್ತಿರ ಮಾತ್ರ ಒತ್ತಿ, ನಡುವೆ ಒತ್ತಬೇಡಿ. ಕೆಳಗಿನ ಅಂಚಿಗೆ ಎರಡು ಕಡೆ ರಬ್ಬರ್ ತುಣುಕು ಇಟ್ಟರೆ ಒಳ್ಳೆಯದು. ಆಮೇಲೆ ಸಣ್ಣ ತಂತಿ ಮೊಳೆ. ಸುತ್ತಿಗೆ ಬೇಡ. ಅಗಲವಾದ ಉಳಿಯನ್ನು ಗಾಜಿನ ಮೇಲೆ ಮಲಗಿಸಿ, ಅದರ ಪಕ್ಕದಿಂದ ಮೊಳೆಯನ್ನು ತಟ್ಟಿ. ಉಳಿ ಗಾಜಿನ ಮೇಲೆ ಜಾರಬೇಕು, ಮೇಲೇಳಬಾರದು. ಮೊಳೆಗೂ ಗಾಜಿಗೂ ನಡುವೆ ಒಂದು ಕಾಗದ ನುಸುಳುವಷ್ಟು ಸಂದು ಇರಲಿ. ಕೊನೆಗೆ ಹೊರಗಡೆಯ ಪುಟ್ಟಿಯನ್ನು ಇಳಿಜಾರಾಗಿ ಎಳೆದು, ವಾರ ಹತ್ತು ದಿನ ಬಿಟ್ಟು ಬಣ್ಣ ಬಳಿಯಿರಿ. ಬಣ್ಣ ಪುಟ್ಟಿಯನ್ನು ದಾಟಿ ಗಾಜಿನ ಮೇಲೆ 2 ಎಂಎಂ ಬರಬೇಕು. ಬಹಳ ಜನ ಅದನ್ನು ಬ್ಲೇಡಿನಿಂದ ನೀಟಾಗಿ ಕೆರೆದು ತೆಗೆಯುತ್ತಾರೆ. ಅಲ್ಲಿಂದಲೇ ನೀರು ಇಳಿಯುವುದು.

ಮಹಡಿಯ ಕಿಟಕಿಗೆ ಈ ಲೆಕ್ಕ ಹೊಂದುವುದಿಲ್ಲ. ನಮ್ಮಲ್ಲಿ ಒಳಗೆ ಗ್ರಿಲ್, ಹೊರಗೆ ತೆರೆಯುವ ರೆಕ್ಕೆ. ಗ್ರಿಲ್ ಸರಳುಗಳು ಬರೀ ಉದ್ದುದ್ದ ಇದ್ದರೆ ಗಾಜನ್ನು ಅಂಚು ಮುಂದಾಗಿ ಸರಳುಗಳ ನಡುವೆ ತೂರಿಸಿ, ಆಚೆ ತಿರುಗಿಸಿಕೊಳ್ಳಬಹುದು. ಚೌಕಚೌಕ ಡಿಸೈನ್ ಇದ್ದರೆ ಅದೂ ಆಗದು, ಹೊರಗಿನಿಂದಲೇ ಬರಬೇಕು. ಇಂಥ ಕೆಲಸಕ್ಕೆ ಸಜ್ಜದ ಮೇಲೆ ಇಳಿದು ನಿಲ್ಲುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ. ಸಾರವೆ ಕಟ್ಟಿ ಮಾಡುವವರಿಗೆ ಕೊಡಿ. ಉಳಿಯುವ ದುಡ್ಡು ಅಷ್ಟಕ್ಕಷ್ಟೇ.

ಕಬ್ಬಿಣದ ಕಿಟಕಿಗೆ ಹೆಚ್ಚು ಹೇಳುವುದಿಲ್ಲ. ತುಕ್ಕನ್ನು ಹೊಳೆಯುವ ತನಕ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಪುಟ್ಟಿ. ತುಕ್ಕಿನ ಮೇಲೆಯೇ ಹಾಕಿದರೆ ಎರಡು ಮಳೆಗಾಲದ ಮಾತು.

ಅಲ್ಯೂಮಿನಿಯಂ ಸ್ಲೈಡಿಂಗ್ ಈಗ ಜಾಸ್ತಿ. ಅದರ ಷಟರನ್ನು ಮೇಲಕ್ಕೆತ್ತಿ, ಕೆಳಭಾಗವನ್ನು ಒಳಕ್ಕೆ ಎಳೆದರೆ ಹಳಿಯಿಂದ ಹೊರಗೆ ಬರುತ್ತದೆ, ಬರದಿದ್ದರೆ ಮೇಲೆ ಒಂದು ಅಡ್ಡ ತುಣುಕು ಇರುತ್ತದೆ, ಮೊದಲು ಅದನ್ನು ಬಿಚ್ಚಿ. ಪಕ್ಕದ ಪಟ್ಟಿಯ ಸ್ಕ್ರೂ ಬಿಚ್ಚಿದರೆ ಗಾಜು ರಬ್ಬರ್ ಸಮೇತ ಜಾರುತ್ತದೆ. ಹಳೆ ರಬ್ಬರ್ ಬಿಸಿಲಿಗೆ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಟ್ಟಿರುತ್ತದೆ, ಅದನ್ನು ಮತ್ತೆ ಹಾಕಬೇಡಿ. ಹೊಸದನ್ನು ಎಳೆದು ಕತ್ತರಿಸಬೇಡಿ, ಸ್ವಲ್ಪ ಉದ್ದವೇ ಬಿಟ್ಟು ಒತ್ತಿ ತುಂಬಿ. ಸೋಪಿನ ನೀರು ಹಚ್ಚಿದರೆ ಸಲೀಸು. ಮಳೆಯಲ್ಲಿ ಒಳಗೆ ನೀರು ಬರುತ್ತದೆ ಅಂತ ಸಿಲಿಕಾನ್ ಮೆತ್ತುವ ಮೊದಲು ಕೆಳಗಿನ ಹಳಿಯ ಹೊರಬದಿ ನೋಡಿ. ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಧೂಳು, ಇರುವೆ ಗೂಡು ತುಂಬಿ ಮುಚ್ಚಿರುತ್ತವೆ. ಒಂದು ತಂತಿ ಸಾಕು. ನಮ್ಮವರು ಆ ತೂತಿಗೇ ಸಿಲಿಕಾನ್ ತುಂಬಿ ಮುಚ್ಚಿರುವುದನ್ನೂ ಕಂಡಿದ್ದೇನೆ! ಸಿಲಿಕಾನ್ ಬೇಕೇ ಆದರೆ ನ್ಯೂಟ್ರಲ್ ಅಂತ ಬರೆದದ್ದನ್ನು ತನ್ನಿ. ವಿನೆಗರ್ ವಾಸನೆ ಬರುವ ಜಾತಿಯದು ಲೋಹವನ್ನು ತಿನ್ನುತ್ತದೆ, ಕನ್ನಡಿಯ ಹಿಂಬದಿಯನ್ನೂ ಕೆಡಿಸುತ್ತದೆ.

ಹಳೆ ಮನೆಗಳ ಬಾಗಿಲ ಮೇಲೆ ಕೆಂಪು, ಹಸಿರು, ನೀಲಿ ಗಾಜಿನ ಕಮಾನು ಇರುತ್ತದಲ್ಲ, ಅದರಲ್ಲಿ ಒಂದು ಒಡೆದರೆ ಉಳಿದದ್ದನ್ನೆಲ್ಲ ತೆಗೆಸಿ ಪ್ಲೇನ್ ಗಾಜು ಹಾಕಿಸಿಬಿಡುತ್ತಾರೆ. ಹೊಟ್ಟೆ ಉರಿಯುತ್ತದೆ. ಆ ಬಣ್ಣ ಈಗ ಹೊಂದಿಸುವುದು ಕಷ್ಟ. ಒಡೆದ ದೊಡ್ಡ ತುಂಡನ್ನು ಎಸೆಯದೆ ತನ್ನಿ. ಅದರಲ್ಲೇ ಚಿಕ್ಕ ಚೌಕ ಕತ್ತರಿಸಿ ಬೇರೆ ಜಾಗಕ್ಕೆ ಹೊಂದಿಸಲು ಆಗುತ್ತದೆ.

ಇನ್ನು ಟಫನ್ ಗಾಜು. ಮೂಲೆಯಲ್ಲಿ ಐಎಸ್ಐ ಗುರುತು, ಐಎಸ್ 2553 ಅಂತ ಸಣ್ಣ ಮುದ್ರೆ ಇದ್ದರೆ ಅದು ಸೇಫ್ಟಿ ಗಾಜು. ಟಫನ್ ಅಂದರೆ 600 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿ, ತಕ್ಷಣ ಗಾಳಿ ಊದಿ ತಣಿಸಿದ್ದು. ಒಡೆದರೆ ಕತ್ತಿಯಂಥ ಚೂರಾಗದೆ ಕಾಳುಕಾಳಾಗಿ ಸುರಿಯುತ್ತದೆ. ಇದನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ತೂತು ಕೊರೆಯಲೂ ಬರುವುದಿಲ್ಲ. "ಅರ್ಧ ಇಂಚು ಜಾಸ್ತಿ ಆಯ್ತು, ಸ್ವಲ್ಪ ತೆಗೀರಿ" ಅಂದರೆ ನಾವು ಕೈ ಎತ್ತುತ್ತೇವೆ. ಅಪರೂಪಕ್ಕೆ ಗಾಜಿನೊಳಗೆ ಉಳಿದ ನಿಕಲ್ ಸಲ್ಫೈಡ್ ಕಣದಿಂದ ವರ್ಷಗಳಾದ ಮೇಲೆ ತಾನಾಗಿ ಸಿಡಿಯುವುದೂ ಉಂಟು. ಅದಕ್ಕೆ ಮನೆಯವರೂ ಕಾರಣರಲ್ಲ, ಕೂರಿಸಿದವನೂ ಅಲ್ಲ. ಆದರೂ ಬಚ್ಚಲುಮನೆ, ಮೆಟ್ಟಿಲ ಪಕ್ಕ, ನೆಲದವರೆಗೆ ಇಳಿದ ಕಿಟಕಿ, ಇಂಥ ಕಡೆ ಮಾಮೂಲಿ ಗಾಜು ಒಡೆದಿದ್ದರೆ ಮತ್ತೆ ಮಾಮೂಲಿ ಹಾಕಿಸಬೇಡಿ. ಸ್ವಲ್ಪ ಜಾಸ್ತಿ ಕೊಟ್ಟು ಟಫನ್ನೋ, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ಡೋ ಹಾಕಿಸಿ.

ಟಫನ್ ಗಾಜು ಫ್ಯಾಕ್ಟರಿಯಿಂದ ಬರಲು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಏನು ಮಾಡೋಣ ಅಂತ ಕೇಳುತ್ತಾರೆ. ಕಾರಿನ ಗಾಜಿಗೆ ತುಂಬುವ ರಾಳದ ಕಿಟ್ ತಂದು ಬಿರುಕಿಗೆ ಹಾಕುವವರಿದ್ದಾರೆ. ಕಾರಿನ ಮುಂದಿನ ಗಾಜು ಎರಡು ಪದರದ್ದು, ಅದಕ್ಕೇ ಅಲ್ಲಿ ನಡೆಯುತ್ತದೆ. ಮನೆಯ ಒಂಟಿ ಗಾಜಿಗೆ ಅದು ನೋಡೋಕೆ ಚೆಂದ, ಬಲ ಬರುವುದಿಲ್ಲ. ಬರೀ ಬಿರುಕಿದ್ದರೆ ಎರಡೂ ಬದಿಗೆ ಪಾರದರ್ಶಕ ಟೇಪ್ ಅಂಟಿಸಿ, ಕಿಟಕಿ ತೆರೆಯದೆ ಬಿಡಿ. ತುಂಡು ಬಿದ್ದಿದ್ದರೆ ಉಳಿದದ್ದನ್ನೂ ತೆಗೆದು, ಹೊರಗಿನಿಂದ 6 ಎಂಎಂ ಪ್ಲೈವುಡ್ ಅಳತೆಗೆ ಕತ್ತರಿಸಿ ಸ್ಕ್ರೂ ಹಾಕಿ. ಬೆಳಕು ಬೇಕಿದ್ದರೆ ಪಾಲಿಕಾರ್ಬೊನೇಟ್ ಹಾಳೆ ಸಿಗುತ್ತದೆ, ಕತ್ತರಿಯಲ್ಲಿ ಬರದಿದ್ದರೂ ಹ್ಯಾಕ್ಸಾ ಬ್ಲೇಡಿಗೆ ಬರುತ್ತದೆ. ಅದರ ಸ್ಕ್ರೂ ತೂತನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡಿ. ಬಿಸಿಲಿಗೆ ಅದು ಗಾಜಿಗಿಂತ ಜಾಸ್ತಿ ಹಿಗ್ಗುತ್ತದೆ.